ಖಂಡಸ್ಫುಟಿತ ಜೀರ್ಣೋದ್ಧಾರ: ವಿದ್ಯಾಶಾಲೆಗಳ ಕಟ್ಟಡವೂ ಅದರ ಪಾಲನೆಯೂ

೧

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿರುವ ಸಾಲೋಟಗಿಯು ಹೊರಗಿನವರ ಲಕ್ಷ್ಯವನ್ನು ಸೆಳೆಯತಕ್ಕ ದೊಡ್ಡ ಊರೇನೂ ಅಲ್ಲ. ಆದರೆ ಕನ್ನಡನಾಡಿನ ವಿದ್ಯಾಭ್ಯಾಸದ ಇತಿಹಾಸವನ್ನು ಬರೆಯಹೊರಟವನು ಈ ಊರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಲ್ಲಿ ದೊರೆತ ಸ್ತಂಭಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ಶಕವರ್ಷ ೮೬೭ರ, ಎಂದರೆ ಕ್ರಿ.ಶ. ೯೪೫ರ, ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣದಂದು ಮಾಡಿದ ದಾನವನ್ನು ಅದು ದಾಖಲೆ ಮಾಡುತ್ತದೆ. ಮಾನ್ಯಖೇಟದಲ್ಲಿ ರಾಜ್ಯವಾಳುತ್ತಿದ್ದ ಕೃಷ್ಣನ ಮಂತ್ರಿಯಾದ ನಾರಾಯಣನು ತ್ರಯೀಪುರುಷರಿಗೆ ಗುಡಿಯನ್ನೂ ಅದರೊಡನೆ ಒಂದು ವಿದ್ಯಾಶಾಲೆಯನ್ನೂ ಕಟ್ಟಿಸಿದನು. ನಾನಾ ಜನಪದಗಳಲ್ಲಿ ಹುಟ್ಟಿದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಓದುತ್ತಿದ್ದರೆಂದು ಶಾಸನವು ಹೇಳುತ್ತದೆ. ಆಗ ಊರಿನ ಹೆಸರು ಪಾವಿಟ್ಟಗೆ. ಶಾಲೆಯ ಖ್ಯಾತಿಯಿಂದ ಅದು 'ಶಾಲಾ-ಪಾವಿಟ್ಟಗೆ'ಯಾಗಿ, ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತೆಂಬುದು ವಿದ್ವಾಂಸರ ಊಹೆ. ಶಾಲೆಯಿಂದ ಊರಿಗೆ ಹೆಸರು ಬರುವುದು ಅಪರೂಪ. ಶಾಲೆಯು ಹೋಗಿ ಸಾವಿರ ವರ್ಷವಾಗುತ್ತ ಬಂದರೂ ಹೆಸರು ಉಳಿದಿರುವುದು ಇನ್ನೂ ಅಪರೂಪ.

ಈ ಶಾಸನವನ್ನು ಇತಿಹಾಸಕಾರರು ಸಾಮಾನ್ಯವಾಗಿ ರಾಜರ ವಂಶಾವಳಿಗೂ ಕಾಲನಿರ್ಣಯಕ್ಕೂ ಉಪಯೋಗಿಸಿಕೊಂಡಿದ್ದಾರೆ. ಲೆಕ್ಕಪತ್ರದ ದೃಷ್ಟಿಯಿಂದ ಓದಿದರೆ ಅದರಲ್ಲಿ ಬೇರೊಂದು ಸ್ವಾರಸ್ಯವಿದೆ. ಕಟ್ಟಡದ ವರ್ಣನೆಗೆ ಶಾಸನವು ಮೀಸಲಿಟ್ಟಿರುವ ಮಾತು ಸ್ವಲ್ಪ. ಕಟ್ಟಡ ಎದ್ದುನಿಂತ ಮೇಲೆ ಬರುವ ವೆಚ್ಚಗಳಿಗೆ ಮೀಸಲಿಟ್ಟಿರುವುದು ಬಹಳ. ಶಾಲೆಗೆ ೫೦೦ ನಿವರ್ತನ ಮಾನ್ಯಭೂಮಿ. ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು. ಹೂದೋಟಕ್ಕೆ ೪ ನಿವರ್ತನ. ದೀಪದ ಎಣ್ಣೆಗೆ ೧೨ ನಿವರ್ತನ. ಪಾಠ ಹೇಳುವ ಉಪಾಧ್ಯಾಯನಿಗೆ ಒಂದು ಮನೆ ಮತ್ತು ೫೦ ನಿವರ್ತನ. ಇದಲ್ಲದೆ ಊರವರು ತಮ್ಮ ಮನೆಗಳಲ್ಲಿ ಮದುವೆಯಾದಾಗ ೫ ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಇನ್ನೂ ಕಡಮೆ ಮೊತ್ತವನ್ನೂ ಶಾಲೆಗೆ ಸಲ್ಲಿಸಬೇಕೆಂದು ನಿಯಮವಾಗಿತ್ತು. ನಿವರ್ತನದ ಅಳತೆಯು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತಿದ್ದುದರಿಂದ ಇದನ್ನು ಇಂದಿನ ಎಕರೆಗೆ ತಿರುಗಿಸುವುದು ಸಾಹಸ. ಆದರೆ ಪ್ರಮಾಣಗಳು ತಾವೇ ಮಾತನಾಡುತ್ತವೆ. ದೀಪಕ್ಕೆ ಪ್ರತ್ಯೇಕ ಭೂಮಿಯನ್ನು ತೆಗೆದಿಟ್ಟವನು, ಉಳಿದ ವೆಚ್ಚಕ್ಕೆ ಹಣ ಸಾಲದೆ ಹೋದಾಗ ಮೊದಲು ಆರುವುದು ದೀಪವೇ ಎಂಬುದನ್ನು ಬಲ್ಲವನಾಗಿರಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದ್ದರೂ ಕಟ್ಟಡವು ಚಿರಕಾಲ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲಿ ಅದು ಜೀರ್ಣವಾಯಿತು. ಆಗ ಕಲ್ಯಾಣದ ಚಾಲುಕ್ಯರ ಸಾಮಂತನೊಬ್ಬನು ಅದನ್ನು ಪುನಃ ಕಟ್ಟಿಸಿದನು. ರಾಷ್ಟ್ರಕೂಟ ಸಾಮ್ರಾಜ್ಯವು ಅಷ್ಟರಲ್ಲಿ ಅಳಿದಿತ್ತು, ಮಾನ್ಯಖೇಟವು ಕೊಳ್ಳೆಹೋಗಿತ್ತು. ಕಟ್ಟಿಸಿದವನ ರಾಜ್ಯಕ್ಕಿಂತ ಹೆಚ್ಚು ಕಾಲ ಶಾಲೆಯು ಬಾಳಿತೆಂಬ ಈ ಸಂಗತಿಯು ಇಲ್ಲಿಯ ವಿಚಾರಕ್ಕೆ ಆಧಾರವಾಗಿದೆ. ಬಾಳಿದ್ದು ಕಲ್ಲಿನ ಬಲದಿಂದಲ್ಲ, ಕಲ್ಲಿನ ಹಿಂದಿದ್ದ ವ್ಯವಸ್ಥೆಯ ಬಲದಿಂದ.

೨

ಶಾಲೆಗಳ ಕಟ್ಟಡವನ್ನು ಕುರಿತ ಇಂದಿನ ಚರ್ಚೆಯಲ್ಲಿ 'ಸುಸ್ಥಿರತೆ' ಎಂಬ ಮಾತು ಬಹಳವಾಗಿ ಕೇಳಿಬರುತ್ತದೆ. ಮಾತು ಹೊಸದು, ಅದು ಸೂಚಿಸುವ ಚಿಂತೆಯು ಕನ್ನಡಿಗರಿಗೆ ಹೊಸದಲ್ಲ. ನಮ್ಮ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜವು ಚಿರಪರಿಚಿತ. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸಿ ಹಳತಾದುದನ್ನು ಎತ್ತಿನಿಲ್ಲಿಸುವುದು ಎಂದು ಅದರ ಅರ್ಥ. ದೇವರ ಪೂಜೆ, ನೈವೇದ್ಯ, ತಪೋಧನರ ಆಹಾರದಾನ, ವಿದ್ಯಾದಾನ ಇವುಗಳ ಸಾಲಿನಲ್ಲಿಯೇ ಅದೂ ಒಂದು ವೆಚ್ಚದ ಬಾಬ್ತಾಗಿ ಬರುತ್ತದೆ. ಎಂದರೆ ಕಟ್ಟಡ ಬಿರಿಯುವುದೆಂಬುದನ್ನು ದಾನಿಯು ಕಟ್ಟುವ ದಿನವೇ ಒಪ್ಪಿಕೊಂಡು, ಅದಕ್ಕೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದನು. ದಾನ ಮಾಡುವುದಕ್ಕಿಂತಲೂ ಮಾಡಿದ ದಾನವನ್ನು ಪಾಲಿಸುವುದು ಶ್ರೇಯಸ್ಕರವೆಂಬ ಭಾವವು ಶಾಸನಗಳ ಕೊನೆಯ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುವುದೂ ಇದೇ ಕಾರಣದಿಂದ. ಅದನ್ನು ಕೇವಲ ರೂಢಿಯ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಅದೊಂದು ಆರ್ಥಿಕ ತತ್ತ್ವ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯು ಈ ತತ್ತ್ವಕ್ಕೆ ಇನ್ನೊಂದು ನಿದರ್ಶನ. ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಕ್ರಿ.ಶ. ೧೦೫೮ರಲ್ಲಿ ಅಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿದ ವ್ಯವಸ್ಥೆಯಲ್ಲಿ ವೇದಾಭ್ಯಾಸ ಮಾಡುವ ೨೦೦ ವಿದ್ಯಾರ್ಥಿಗಳೂ, ಶಾಸ್ತ್ರಾಭ್ಯಾಸ ಮಾಡುವ ೫೨ ವಿದ್ಯಾರ್ಥಿಗಳೂ, ಅವರಿಗೆ ತಕ್ಕ ಉಪಾಧ್ಯಾಯರೂ ಇದ್ದರು. ವಿಶೇಷವೆಂದರೆ ಅಲ್ಲಿ ೬ ಮಂದಿ ಸರಸ್ವತೀ ಭಂಡಾರಿಗರೂ ಇದ್ದರು. ತಾಳೆಗರಿಯ ಗ್ರಂಥವು ಹುಳು ಹಿಡಿಯುತ್ತದೆ, ತೇವಕ್ಕೆ ಕೊಳೆಯುತ್ತದೆ. ಅದನ್ನು ಕಾಲಕಾಲಕ್ಕೆ ಒರಸಿ, ಎಣ್ಣೆ ಸವರಿ, ಹಾಳಾದುದನ್ನು ಪ್ರತಿ ಮಾಡಿಸಬೇಕು. ಪುಸ್ತಕವನ್ನು ಕೊಂಡರೆ ಸಾಲದು, ಪುಸ್ತಕವನ್ನು ಕಾಯುವವನಿಗೂ ಅನ್ನವಿಡಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ. ಇಂದು ಅದೆಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿರುವುದನ್ನು ಬಲ್ಲವರು ನಾಗಾವಿಯ ಈ ಆರು ಮಂದಿಯನ್ನು ಸ್ಮರಿಸದೆ ಇರಲಾರರು.

ಈ ದೃಷ್ಟಿಯು ಕನ್ನಡನಾಡಿಗೆ ಮಾತ್ರ ಮೀಸಲಾಗಿರಲಿಲ್ಲ. ತಮಿಳುನಾಡಿನ ಎಣ್ಣಾಯಿರಂ ಶಾಸನವು ಒಂದನೆಯ ರಾಜೇಂದ್ರ ಚೋಳನ ಕಾಲದಲ್ಲಿ ೩೪೦ ವಿದ್ಯಾರ್ಥಿಗಳಿಗೂ ೧೪ ಉಪಾಧ್ಯಾಯರಿಗೂ ೪೫ ವೇಲಿ ಭೂಮಿಯನ್ನು ಬಿಟ್ಟುದನ್ನು ತಿಳಿಸುತ್ತದೆ. ವೀರರಾಜೇಂದ್ರನ ಕಾಲದ ತಿರುಮುಕ್ಕೂಡಲ್ ಶಾಸನವು ಇನ್ನೂ ಸೂಕ್ಷ್ಮಕ್ಕೆ ಇಳಿದು, ವಿದ್ಯಾರ್ಥಿಗಳು ಮಲಗುವ ಚಾಪೆಗೆ, ರಾತ್ರಿಯ ದೀಪಕ್ಕೆ, ಶನಿವಾರದ ಅಭ್ಯಂಜನದ ಎಣ್ಣೆಗೆ ಕೂಡ ಪ್ರತ್ಯೇಕವಾಗಿ ಕಾಣಿಕೆಯನ್ನು ಗೊತ್ತುಮಾಡುತ್ತದೆ. ಚಾಪೆಯು ಸವೆಯುತ್ತದೆಂಬುದನ್ನು ಕಲ್ಲಿನ ಮೇಲೆ ಕೊರೆಯಿಸಿದ ಕಾಲವದು.

ಆದರೆ ಈ ಚಿತ್ರವನ್ನು ಕೇವಲ ಅಭಿಮಾನದಿಂದ ನೋಡುವುದು ಇತಿಹಾಸವಾಗದು. ಈ ಶಾಲೆಗಳ ಬಾಗಿಲು ಬಹುಮಟ್ಟಿಗೆ ಒಂದು ವರ್ಗದ ಗಂಡುಮಕ್ಕಳಿಗೆ ಮಾತ್ರ ತೆರೆದಿತ್ತು. ೫೦೦ ನಿವರ್ತನ ಭೂಮಿಯನ್ನು ಉತ್ತು ಬಿತ್ತಿ ಶಾಲೆಗೆ ಆದಾಯವನ್ನು ತಂದುಕೊಟ್ಟ ಒಕ್ಕಲಿನ ಮಗನು ಆ ಶಾಲೆಯಲ್ಲಿ ಕುಳಿತನೆಂಬುದಕ್ಕೆ ಶಾಸನದಲ್ಲಿ ಆಧಾರವಿಲ್ಲ. ಅಂದಿನವರಿಂದ ಕಲಿಯತಕ್ಕದ್ದು ಪಾಲನೆಯ ಕ್ರಮವನ್ನೇ ಹೊರತು ಪ್ರವೇಶದ ಕ್ರಮವನ್ನಲ್ಲ.

೩

ಈ ದತ್ತಿಗಳೆಲ್ಲ ಏನಾದವು? ಇದಕ್ಕೆ ಉತ್ತರದ ಒಂದು ಭಾಗವು ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ಬರೆದ ವರದಿಯಲ್ಲಿದೆ. ಮದರಾಸಿನ ಗವರ್ನರನಾದ ಥಾಮಸ್ ಮನ್ರೋ ೧೮೨೨ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕವನ್ನು ಕೇಳಿದ್ದನು. ಅದಕ್ಕೆ ಬಂದ ಉತ್ತರಗಳಲ್ಲಿ ಕ್ಯಾಂಪ್‌ಬೆಲ್ಲನದು ಅತ್ಯಂತ ವಿವರವಾದವುಗಳಲ್ಲಿ ಒಂದು. ೯,೨೭,೮೫೭ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು; ಅವುಗಳಲ್ಲಿ ೨೩೫ ಕನ್ನಡ ಶಾಲೆಗಳು, ೨೨೬ ತೆಲುಗು ಶಾಲೆಗಳು; ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು; ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದವರು ಒಟ್ಟು ೬,೬೪೧. ಹಿಂದೂ ಬಾಲಕಿಯರ ಸಂಖ್ಯೆ ೬೦.

ಸರಾಸರಿ ಒಂದು ಶಾಲೆಗೆ ಹನ್ನೆರಡು ಮಕ್ಕಳು ಎಂದಮೇಲೆ ಅವಕ್ಕೆ ಸ್ವಂತ ಕಟ್ಟಡಗಳ ಅವಶ್ಯಕತೆಯೇ ಇರಲಿಲ್ಲವೆಂದು ಊಹಿಸಬಹುದು. ಐಗಳ ಮನೆಯ ಜಗಲಿ, ಊರ ಚಾವಡಿ, ಗುಡಿಯ ಪೌಳಿ, ಮಠದ ಪಡಸಾಲೆ ಇವೇ ಶಾಲೆಗಳು. ಹಳೆಯ ಮೈಸೂರಿನವರ ಕೂಲಿಮಠಗಳೂ ಉತ್ತರ ಕರ್ನಾಟಕದವರ ಗಾಂವಠಿ ಶಾಲೆಗಳೂ ಹೀಗೆಯೇ ಇದ್ದವು. ಕಲಿಕೆಯ ಸಾಮಗ್ರಿಯೂ ಈ ಮಿತವ್ಯಯಕ್ಕೆ ಅನುಗುಣವಾಗಿತ್ತು. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ಬಳಿಕ ಇದ್ದಿಲು ಬೆರಸಿದ ಲೇಪವನ್ನು ಕೊಟ್ಟ ಹಲಗೆ; ಅನಂತರ ಗಂಜಿಯನ್ನೊ ಅಂಟನ್ನೊ ಹಾಕಿ ಗಟ್ಟಿಮಾಡಿ, ಇದ್ದಿಲಿನ ಲೇಪ ಕೊಟ್ಟು, ಮಡಿಕೆ ಮಡಿಕೆಯಾಗಿ ಮಡಿಚಿದ ಬಟ್ಟೆಯ ಕಡತ. ಎರಡರ ಮೇಲೆಯೂ ಬಳಪದಿಂದ ಬರೆದು, ಒದ್ದೆಬಟ್ಟೆಯಿಂದ ಒರಸಿ, ಪುನಃ ಬರೆಯಬಹುದಾಗಿತ್ತು. ಇಂದು ಕಚೇರಿಗಳಲ್ಲಿ ಕಾಗದದ ಕಟ್ಟಿಗೆ ಕಡತವೆನ್ನುವವರಲ್ಲಿ ಎಷ್ಟು ಮಂದಿಗೆ ಆ ಶಬ್ದವು ಇಂಥ ಬಟ್ಟೆಯ ಹೊತ್ತಿಗೆಯಿಂದ ಬಂದುದೆಂಬುದು ತಿಳಿದಿದೆಯೋ!

ಆದರೆ ಕ್ಯಾಂಪ್‌ಬೆಲ್ಲನ ವರದಿಯ ನಿಜವಾದ ತಿರುಳು ಬೇರೆಡೆಯಲ್ಲಿದೆ. ಹಿಂದಿನ ಅರಸರ ಕಾಲದಲ್ಲಿ ವಿದ್ಯೆಗೆ ಭೂಮಿಯಾಗಿಯೂ ಹಣವಾಗಿಯೂ ಹೇರಳವಾದ ಸಹಾಯವು ದೊರೆಯುತ್ತಿತ್ತೆಂದೂ, ತನ್ನ ಜಿಲ್ಲೆಯ ೫೩೩ ಶಾಲೆಗಳಲ್ಲಿ ಒಂದಕ್ಕಾದರೂ ಸರಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆಂದೂ ಆ ಆಂಗ್ಲ ಅಧಿಕಾರಿಯು ಬರೆದನು. ಜನರು ಬಡವರಾದುದರಿಂದ ಶಾಲೆಗಳು ನಶಿಸುತ್ತಿರುವುದನ್ನೂ ಅವನು ಮರೆಮಾಚಲಿಲ್ಲ. ಜಗಲಿಯ ಶಾಲೆಗೆ ಕಟ್ಟಡದ ಚಿಂತೆಯಿಲ್ಲ, ದುರಸ್ತಿಯ ಚಿಂತೆಯಿಲ್ಲ; ಆದರೆ ಐಗಳ ಹೊಟ್ಟೆಯ ಚಿಂತೆಯಿದೆ. ದತ್ತಿಯ ಆಸರೆ ತಪ್ಪಿದ ಶಾಲೆಯು ಮಕ್ಕಳು ತರುವ ಕಾಸನ್ನೇ ನಂಬಬೇಕಾಯಿತು. ಮಳೆ ತಪ್ಪಿದ ವರ್ಷ ಕಾಸೂ ಇಲ್ಲ, ಶಾಲೆಯೂ ಇಲ್ಲ. ಖರ್ಚು ಕಡಮೆಯಾದುದೆಲ್ಲ ಸುಸ್ಥಿರವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

೪

ಕ್ರಿ.ಶ. ೧೮೫೪ರ ವುಡ್ಡನ ನಿರೂಪದ ತರುವಾಯ ವಿದ್ಯಾ ಇಲಾಖೆಗಳು ಸ್ಥಾಪಿತವಾದವು. ಶಾಲೆಯು ಜಗಲಿಯಿಂದಿಳಿದು ತನ್ನದೇ ಆದ ಮನೆಯನ್ನು ಬಯಸಿತು. ಇದಕ್ಕೆ ಹಣವೆಲ್ಲಿಂದ? ಮುಂಬಯಿ ಇಲಾಖೆಯಲ್ಲಿ ೧೮೬೩ರ ಸುಮಾರಿಗೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳಿಕ ಕರವನ್ನು ಎತ್ತುವ ಕ್ರಮ ಪ್ರಾರಂಭವಾಗಿ, ೧೮೬೯ರಲ್ಲಿ ಕಾನೂನಿನ ರೂಪ ಪಡೆಯಿತು. ಅದರ ಮೂರನೆಯ ಒಂದು ಪಾಲು ವಿದ್ಯೆಗೆ ಮೀಸಲು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಪ್ರಾಂತಗಳ ಕನ್ನಡ ಶಾಲೆಗಳಿಗೆ ಈ ಆಣೆಯ ಪಾಲೇ ಹೊಸ ಮಾನ್ಯಭೂಮಿಯಾಯಿತು. ಸಾಲೋಟಗಿಯ ಮದುವೆಯ ಕಾಣಿಕೆಯಂತೆ ಇದೂ ವರ್ಷವರ್ಷವೂ ಬರತಕ್ಕ ಹಣ. ಅತ್ತ ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಕೈಕೊಂಡರು. ಶಾಲೆ ಬೇಕೆಂದು ಬೇಡುವ ಊರವರೇ ಶಾಲಾಗೃಹವನ್ನು ಒದಗಿಸಬೇಕೆಂಬುದು ಅದರ ಧೋರಣೆ. ತಾವೇ ಒದಗಿಸಿದ ಮನೆಯ ಮೇಲೆ ಊರವರಿಗೆ ಸಹಜವಾಗಿಯೇ ಮಮತೆ ಇರುತ್ತದೆ.

ಇದೇ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ನಡೆದ ಒಂದು ಉದ್ಯಮವು ಕನ್ನಡನಾಡಿನ ಶಾಲೆಗಳ ಮೇಲ್ಛಾವಣಿಯನ್ನೇ ಬದಲಾಯಿಸಿತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನೇತ್ರಾವತಿ ಗುರುಪುರ ನದಿಗಳ ಜೇಡಿಮಣ್ಣಿನಿಂದ ಅಚ್ಚುಹಾಕಿ ಸುಟ್ಟ ಈ ಹೆಂಚುಗಳು ಒಂದಕ್ಕೊಂದು ಕೊಂಡಿಯಂತೆ ಸೇರಿಕೊಂಡು ಕರಾವಳಿಯ ಮಳೆಯನ್ನು ತಡೆದವು. ಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷವರ್ಷವೂ ಹೊದಿಸುವ ಶ್ರಮ. ಹೆಂಚಿಗೆ ಅವೆರಡೂ ಇಲ್ಲ. ಬಿಸಿಗಾಳಿಯು ಸಂದುಗಳಿಂದ ಹೊರಗೆ ಹೋಗುವುದರಿಂದ ಬೇಸಿಗೆಯಲ್ಲಿ ಕೋಣೆಯು ತಕ್ಕಮಟ್ಟಿಗೆ ತಂಪಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ, ಒಂದು ಹೆಂಚು ಒಡೆದರೆ ಆ ಒಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಮಳೆಗಾಲಕ್ಕೆ ಮುಂಚೆ ಏಣಿ ಹತ್ತಬಲ್ಲ ಯಾವ ಆಳಾದರೂ ಈ ಕೆಲಸವನ್ನು ಮಾಡಬಲ್ಲನು. ಇಂಜಿನಿಯರನ ಅಂದಾಜುಪಟ್ಟಿ ಬೇಕಿಲ್ಲ, ಟೆಂಡರು ಬೇಕಿಲ್ಲ. ದಪ್ಪ ಗೋಡೆ, ಎತ್ತರವಾದ ಹೆಂಚಿನ ಮಾಡು, ಉದ್ದನೆಯ ಮೊಗಸಾಲೆ ಇವುಗಳಿಂದ ಕೂಡಿದ ಆ ಕಾಲದ ಶಾಲೆಗಳಲ್ಲಿ ಕೆಲವು ನೂರು ವರ್ಷ ದಾಟಿಯೂ ನಿಂತಿರುವುದಕ್ಕೆ ಇದೇ ರಹಸ್ಯ. ಊರವರ ಕೈಗೆ ಎಟುಕುವ ದುರಸ್ತಿಯೇ ನಡೆಯುವ ದುರಸ್ತಿ. ಆದರೂ ಹೆಂಚನ್ನು ಸುಡಲು ಸೌದೆ, ಹೊರಲು ಸಾಗುವಾನಿಯ ತೊಲೆ ಬೇಕೆಂಬುದನ್ನು ಮರೆಯಲಾಗದು; ಕಾಡು ಹೇರಳವಾಗಿದ್ದ ಕಾಲದ ಪರಿಹಾರವು ಎಲ್ಲ ಕಾಲಕ್ಕೂ ಪರಿಹಾರವಾಗದು.

೫

ಸ್ವಾತಂತ್ರ್ಯಾನಂತರ ಶಾಲೆಗಳ ಸಂಖ್ಯೆ ಬೆಳೆದ ವೇಗಕ್ಕೆ ಸರಕಾರದ ಬೊಕ್ಕಸವು ಸರಿಗಟ್ಟಲಾರದೆ ಹೋಯಿತು. ಮದರಾಸು ರಾಜ್ಯದಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ ೧೯೫೮ರಿಂದ ನಡೆದ ಶಾಲಾ ಸುಧಾರಣಾ ಸಮ್ಮೇಳನಗಳು ಇದಕ್ಕೆ ಒಂದು ದಾರಿಯನ್ನು ತೋರಿಸಿದವು. ಊರಿಗೂರೇ ಸೇರಿ ಶಾಲೆಯ ಕುಂದುಕೊರತೆಗಳ ಪಟ್ಟಿಯನ್ನು ಮಾಡುವುದು. ಒಬ್ಬನು ಬೆಂಚು, ಒಬ್ಬನು ಗಡಿಯಾರ, ಒಬ್ಬನು ಕೋಣೆ ಎಂದು ವಚನ ಕೊಟ್ಟು ನೆರವೇರಿಸುವುದು ಅದರ ಕ್ರಮ. ಕನ್ನಡ ಹಳ್ಳಿಗಳಲ್ಲಿಯೂ ಶ್ರಮದಾನದಿಂದ ಎದ್ದ ಶಾಲೆಗಳು ಕಡಮೆಯಲ್ಲ.

ಆದರೂ ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರೂಪಿಸುವ ವೇಳೆಗೆ ದೇಶದ ಅಸಂಖ್ಯಾತ ಪ್ರಾಥಮಿಕ ಶಾಲೆಗಳು ಒಂದೇ ಕೋಣೆಯಲ್ಲಿಯೋ ಮರದ ನೆರಳಿನಲ್ಲಿಯೋ ನಡೆಯುತ್ತಿದ್ದವು. ೧೯೮೭ರಲ್ಲಿ ಆರಂಭವಾದ 'ಕಪ್ಪು ಹಲಗೆ ಕಾರ್ಯಾಚರಣೆ'ಯು ಪ್ರತಿಯೊಂದು ಶಾಲೆಗೂ ಎಲ್ಲ ಋತುಗಳಲ್ಲಿಯೂ ಬಳಸಬಹುದಾದ, ತಕ್ಕಷ್ಟು ದೊಡ್ಡದಾದ ಎರಡು ಕೋಣೆಗಳು, ಇಬ್ಬರು ಉಪಾಧ್ಯಾಯರು ಮತ್ತು ಅಗತ್ಯ ಸಾಮಗ್ರಿ ಎಂಬ ಕನಿಷ್ಠ ಗುರಿಯನ್ನಿಟ್ಟಿತು. ೧೯೯೪ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಬಂದಾಗ ಮೊದಲ ಹಂತದಲ್ಲಿ ಕರ್ನಾಟಕದ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳು ಸೇರಿದವು. ಸರ್ವಶಿಕ್ಷಾ ಅಭಿಯಾನವು ಅದನ್ನು ಎಲ್ಲ ಜಿಲ್ಲೆಗಳಿಗೂ ಹರಡಿತು. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಸರ್ವಋತು ಕಟ್ಟಡ, ಉಪಾಧ್ಯಾಯನೊಬ್ಬನಿಗೆ ಒಂದು ಕೋಣೆ, ಗಂಡು ಹೆಣ್ಣುಮಕ್ಕಳಿಗೆ ಬೇರೆಬೇರೆ ಶೌಚಗೃಹ, ಶುದ್ಧ ಕುಡಿಯುವ ನೀರು, ಅಡಿಗೆಮನೆ, ಆಟದ ಬಯಲು, ಆವರಣ, ಅಂಗವಿಕಲ ಮಕ್ಕಳಿಗೆ ತಡೆಯಿಲ್ಲದ ದಾರಿ ಇವನ್ನೆಲ್ಲ ಶಾಸನಬದ್ಧಗೊಳಿಸಿತು. ೧೮೨೩ರ ಬಳ್ಳಾರಿಯ ೬೦ ಬಾಲಕಿಯರನ್ನು ನೆನೆದರೆ ಈ ಪಟ್ಟಿಯಲ್ಲಿ ಶೌಚಗೃಹವು ಪಡೆದ ಸ್ಥಾನದ ಮಹತ್ವವು ಅರಿವಾಗುತ್ತದೆ.

ಕಟ್ಟುವ ಹಣವು ಹೀಗೆ ಬಂದಿತು. ಕಾಪಾಡುವ ಹಣವೆಷ್ಟು? ಸರ್ವಶಿಕ್ಷಾ ಅಭಿಯಾನದ ಕಾಲದಲ್ಲಿ ಮೂರು ಕೋಣೆಗಳವರೆಗಿನ ಶಾಲೆಗೆ ವರ್ಷಕ್ಕೆ ೫,೦೦೦ ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ ಹೆಚ್ಚೆಂದರೆ ೧೦,೦೦೦ ರೂಪಾಯಿ ನಿರ್ವಹಣಾ ಅನುದಾನವಿತ್ತು. ೨೦೧೮ರಲ್ಲಿ ಸಮಗ್ರ ಶಿಕ್ಷಾ ಯೋಜನೆಯು ಇಂಥ ಬಿಡಿ ಅನುದಾನಗಳನ್ನು ಒಂದುಗೂಡಿಸಿ, ಮೊತ್ತವನ್ನು ಮಕ್ಕಳ ಸಂಖ್ಯೆಗೆ ತಕ್ಕಂತೆ ಗೊತ್ತುಮಾಡಿತು. ಮೇಲುನೋಟಕ್ಕೆ ಇದು ನ್ಯಾಯವಾದುದೇ. ಆದರೆ ಜಮಾಖರ್ಚಿನ ಅಭ್ಯಾಸವುಳ್ಳವರಿಗೆ ಇದರೊಳಗಿನ ತೊಡಕು ಒಡನೆಯೇ ಗೋಚರಿಸುತ್ತದೆ. ನೂರು ಮಕ್ಕಳಿದ್ದ ಹಳ್ಳಿಯ ಶಾಲೆಯಲ್ಲಿ ಇಪ್ಪತ್ತು ಮಕ್ಕಳು ಉಳಿದರೆ ಅನುದಾನವು ಕುಗ್ಗುತ್ತದೆ, ಮೇಲ್ಛಾವಣಿಯು ಕುಗ್ಗುವುದಿಲ್ಲ. ಅಷ್ಟೇ ಅಗಲದ ಸೂರು, ಅಷ್ಟೇ ಕಿಟಕಿಗಳು, ಅಷ್ಟೇ ಮಳೆ. ಸೋರುವ ಶಾಲೆಗೆ ತಂದೆತಾಯಿಗಳು ಮಗುವನ್ನು ಕಳುಹಿಸಲೊಲ್ಲರು. ಮಕ್ಕಳು ಕಡಮೆಯಾದಷ್ಟೂ ಹಣ ಕಡಮೆ. ಹಣ ಕಡಮೆಯಾದಷ್ಟೂ ಸೋರಿಕೆ ಹೆಚ್ಚು. ಈ ಚಕ್ರದಲ್ಲಿ ಸಿಕ್ಕಿದ ಶಾಲೆಯು ಕೊನೆಗೆ ಮುಚ್ಚುವ ಪಟ್ಟಿಯಲ್ಲಿ ಬಂದು ಸೇರುತ್ತದೆ. ಊರಿನ ಪಾಲಿಗೆ ಅದು ಕೇವಲ ಕಟ್ಟಡದ ನಷ್ಟವಲ್ಲ. ಚಿಕ್ಕ ಮಕ್ಕಳು ನಡೆದು ಹೋಗಬಹುದಾದ ಕನ್ನಡ ಶಾಲೆಯ ನಷ್ಟ.

೬

ಯಾವುದರಿಂದ ಕಟ್ಟಬೇಕೆಂಬ ಪ್ರಶ್ನೆಯಲ್ಲಿಯೂ ಕನ್ನಡನಾಡಿನ ಕೊಡುಗೆ ಗಣ್ಯವಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಹುಟ್ಟಿತು. ಕೆ. ಎಸ್. ಜಗದೀಶ್ ಮೊದಲಾದವರು ಅಲ್ಲಿ ಹದಗೊಳಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ದೀರ್ಘವಾದ ಸಂಶೋಧನೆ ನಡೆಸಿದರು. ಸ್ಥಳದ ಮಣ್ಣಿಗೆ ಮರಳನ್ನೂ ಸ್ವಲ್ಪ ಸಿಮೆಂಟನ್ನೂ ಬೆರಸಿ, ಕೈಯಂತ್ರದಲ್ಲಿ ಒತ್ತಿ, ನೀರು ಚಿಮುಕಿಸಿ ಹದಮಾಡಿದರೆ ಗೋಡೆಗೆ ಸಾಕಾಗುವ ಬಲವು ಬರುತ್ತದೆ; ಭಟ್ಟಿಯೂ ಬೇಡ, ಸೌದೆಯೂ ಬೇಡ. ನೂರಕ್ಕೆ ಆರರಷ್ಟು ಸಿಮೆಂಟು ಹಾಕಿದ ಇಂಥ ಇಟ್ಟಿಗೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಗೆ ತಗಲುವುದರ ಸುಮಾರು ನಾಲ್ಕನೆಯ ಒಂದು ಪಾಲೆಂದು ಆ ಸಂಸ್ಥೆಯ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿದ ಲೆಕ್ಕ. ಕೇರಳದಲ್ಲಿ ಲಾರಿ ಬೇಕರರು ತೋರಿಸಿದ ಮಿತವ್ಯಯದ ಮಾರ್ಗವೂ, ೧೯೮೬ರಲ್ಲಿ ಕೊಲ್ಲಂನಲ್ಲಿ ಆರಂಭವಾಗಿ ಕರ್ನಾಟಕದ ಜಿಲ್ಲೆಗಳಿಗೂ ಹರಡಿದ ನಿರ್ಮಿತಿ ಕೇಂದ್ರಗಳೂ ಈ ವಿಚಾರವನ್ನು ಗಾರೆಯವರ ಕೈಗೆ ಮುಟ್ಟಿಸಿದವು.

ಇದನ್ನು ಹೊಗಳುವಾಗ ಒಂದು ಎಚ್ಚರವೂ ಬೇಕು. ೨೦೦೪ರ ಜುಲೈ ೧೬ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡಿಗೆಮನೆಯ ಬೆಂಕಿಯು ಗರಿಯ ಮಾಡಿಗೆ ತಗಲಿ ೯೪ ಮಕ್ಕಳು ಪ್ರಾಣ ಕಳೆದುಕೊಂಡರು. ಗರಿಯು ಸ್ಥಳದ್ದೇ, ಅಗ್ಗದ್ದೇ, ತಂಪಾದುದೇ. ಆದರೆ ಇಕ್ಕಟ್ಟಾದ ಮೆಟ್ಟಿಲು, ಕಿಕ್ಕಿರಿದ ಕೋಣೆ, ಪಕ್ಕದಲ್ಲಿಯೇ ಒಲೆ ಇವುಗಳ ನಡುವೆ ಅದೇ ಗರಿಯು ಮೃತ್ಯುವಾಯಿತು. ಈ ದುರಂತದಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ತೀರ್ಪು ಕೊಟ್ಟು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು. ಮಣ್ಣು, ಗರಿ, ಸಿಮೆಂಟುಗಳಲ್ಲಿ ಯಾವುದೂ ತಾನಾಗಿ ಒಳ್ಳೆಯದಲ್ಲ, ಕೆಟ್ಟುದೂ ಅಲ್ಲ. ಎಲ್ಲಿ, ಹೇಗೆ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದೇ ಪ್ರಶ್ನೆ.

ನೀರಿನ ವಿಷಯದಲ್ಲಿ ಇದೇ ಪಾಠವು ಇನ್ನೊಂದು ಬಗೆಯಲ್ಲಿ ದೊರೆಯಿತು. ನೂರು ಚದರ ಮೀಟರಿನ ಶಾಲಾ ಮಾಳಿಗೆಯ ಮೇಲೆ ವರ್ಷಕ್ಕೆ ೫೦೦ ಮಿಲಿಮೀಟರು ಮಳೆ ಬಿದ್ದರೆ ೫೦,೦೦೦ ಲೀಟರು. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ ಉಳಿಯುವುದು ೪೦,೦೦೦ ಲೀಟರು. ನೂರು ಮಕ್ಕಳಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ ೨೨೦ ದಿನಗಳಿಗೆ ಬೇಕಾಗುವುದು ೩೩,೦೦೦ ಲೀಟರು. ನೀರೆಲ್ಲ ಒಂದೇ ದಿನ ಬೀಳುವುದಿಲ್ಲವಾದ್ದರಿಂದ ತೊಟ್ಟಿಯು ಅಷ್ಟು ದೊಡ್ಡದಾಗಿಯೂ ಇರಬೇಕಿಲ್ಲ. ಬಯಲುಸೀಮೆಯ ಶಾಲೆಯೂ ತನ್ನ ಮಾಳಿಗೆಯ ನೀರನ್ನೇ ಕುಡಿದು ಬಾಳಬಹುದೆಂಬುದು ಈ ಲೆಕ್ಕದ ತಾತ್ಪರ್ಯ. ರಾಜ್ಯವು ಏಕೀಕರಣದ ಸುವರ್ಣೋತ್ಸವವನ್ನು ಆಚರಿಸಿದ ೨೦೦೬ರ ಸುಮಾರಿಗೆ 'ಸುವರ್ಣ ಜಲ' ಎಂಬ ಹೆಸರಿನಲ್ಲಿ ೨೩,೦೦೦ಕ್ಕೂ ಮಿಕ್ಕ ಗ್ರಾಮೀಣ ಶಾಲೆಗಳಿಗೆ ಮಳೆನೀರಿನ ತೊಟ್ಟಿಗಳನ್ನು ಕಟ್ಟಿಸುವ ಯೋಜನೆಯನ್ನು ಹಾಕಿಕೊಳ್ಳಲಾಯಿತು. ಯೋಚನೆಯು ಶ್ಲಾಘ್ಯವಾದುದು. ಆದರೆ ಸೋಸುವ ಮರಳನ್ನು ತೊಳೆಯುವವರಿಲ್ಲದೆ, ಮುರಿದ ನಲ್ಲಿಯನ್ನು ಹಾಕಿಸುವವರಿಲ್ಲದೆ, ಮೊದಲ ಮಳೆಯ ಕೊಳಕುನೀರನ್ನು ಹೊರಗೆ ಬಿಡುವವರಿಲ್ಲದೆ ಹಲವು ಕಡೆ ತೊಟ್ಟಿಗಳು ಬಳಕೆ ತಪ್ಪಿದವು. ಕೊಳವೆಗೆ ಹಣವಿತ್ತು; ಕೊಳವೆಯನ್ನು ನೋಡಿಕೊಳ್ಳುವವನಿಗೆ ನಿವರ್ತನವಿರಲಿಲ್ಲ.

೭

ಒಂದು ಕಟ್ಟಡಕ್ಕೆ ೫೦ ವರ್ಷದ ಆಯುಷ್ಯವೆಂದು ಹಿಡಿದರೆ, ಅದರ ಬೆಲೆಯ ನೂರಕ್ಕೆ ಎರಡು ಪಾಲು ಪ್ರತಿವರ್ಷವೂ ಸವೆಯುತ್ತದೆಂದೇ ಲೆಕ್ಕ. ೩೦ ಲಕ್ಷ ರೂಪಾಯಿಯ ಶಾಲೆಗೆ ವರ್ಷಕ್ಕೆ ೬೦,೦೦೦ ರೂಪಾಯಿ ಬೇಕು. ನೂರಕ್ಕೆ ಆರರ ಬಡ್ಡಿಯಲ್ಲಿ ಇಷ್ಟನ್ನು ತರುವ ಇಡುಗಂಟು ೧೦ ಲಕ್ಷ. ಎಂದರೆ ಕಟ್ಟುವವನು ಕಟ್ಟಡದ ವೆಚ್ಚದ ಮೂರನೆಯ ಒಂದು ಪಾಲನ್ನು ಕಟ್ಟದೆ ಉಳಿಸಿ ಇಡಬೇಕು. ಬೆಲೆಗಳು ಏರುತ್ತ ಹೋದಾಗ ನಗದಿನ ಬಡ್ಡಿಯೂ ಸಾಲದಾಗುತ್ತದೆ. ಸಾಲೋಟಗಿಯ ದಾನಿಯು ಭೂಮಿಯನ್ನು ಕೊಟ್ಟುದು ಈ ದೃಷ್ಟಿಯಿಂದ ಜಾಣತನವೇ ಸರಿ. ಧಾನ್ಯದ ಬೆಲೆ ಏರಿದರೆ ಶಾಲೆಯ ಆದಾಯವೂ ಏರುತ್ತದೆ. ಇಂದು ಪ್ರತಿ ಶಾಲೆಗೆ ಭೂಮಿಯನ್ನು ಕೊಡಲಾಗದು. ಆದರೆ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ ೨೦೦೧ರಲ್ಲಿ ಕರ್ನಾಟಕದಲ್ಲಿ ರಚಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಮಕ್ಕಳ ತಂದೆತಾಯಿಗಳೇ ಇರುವ ಈ ಸಮಿತಿಯ ಕೈಗೆ ಸಣ್ಣದಾದರೂ ಖಂಡಿತವಾಗಿ ಬರುವ, ಕೋಣೆಗಳ ಸಂಖ್ಯೆಗೆ ತಕ್ಕುದಾದ ದುರಸ್ತಿ ಹಣವು ಬಂದರೆ, ಮಳೆಗಾಲಕ್ಕೆ ಮುನ್ನ ಹೆಂಚು ತಿರುಗಿಸುವ ಹಳೆಯ ಪದ್ಧತಿಯು ಹೊಸ ರೂಪದಲ್ಲಿ ಮರಳಬಹುದು.

ನಾಡಿನ ಹೊರಗೆ ನೆಲೆಸಿದ ಕನ್ನಡಿಗರಿಗೆ ಈ ಇತಿಹಾಸವು ದೂರದ ಸಂಗತಿಯಲ್ಲ. ಮುಂಬಯಿಯಲ್ಲಿ ಹೋಟೆಲುಗಳಲ್ಲಿಯೂ ಅಂಗಡಿಗಳಲ್ಲಿಯೂ ಹಗಲೆಲ್ಲ ದುಡಿದ ಕನ್ನಡದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಆ ಶಾಲೆಗಳಲ್ಲಿ ಅನೇಕವು ಹಗಲುಶಾಲೆಯ ಕೋಣೆಗಳಲ್ಲಿಯೇ ನಡೆದವು. ಒಂದೇ ಬೆಂಚಿನ ಮೇಲೆ ಬೆಳಿಗ್ಗೆ ಒಬ್ಬ, ರಾತ್ರಿ ಮತ್ತೊಬ್ಬ. ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡದೆ ಶಾಲೆಯನ್ನು ಇಮ್ಮಡಿಗೊಳಿಸಿದ ಈ ಉಪಾಯಕ್ಕಿಂತ ಸುಸ್ಥಿರವಾದುದನ್ನು ಯಾವ ಶಿಲ್ಪಶಾಸ್ತ್ರವೂ ಹೇಳಿಕೊಟ್ಟಿಲ್ಲ. ಇಂದು ಅದೇ ನಗರದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆಯು ಇಳಿಯುತ್ತ ಬಂದಿರುವುದು ಎಲ್ಲರೂ ಬಲ್ಲ ಸಂಗತಿ. ಕಟ್ಟಡಗಳಿವೆ, ಮಕ್ಕಳಿಲ್ಲ, ಹಳ್ಳಿಯಲ್ಲಿ ಮಕ್ಕಳಿರುವೆಡೆ ಸೂರು ಸೋರುತ್ತಿದೆ. ಊರ ಶಾಲೆಗೆ ಕೋಣೆಯನ್ನು ಕಟ್ಟಿಸಿಕೊಟ್ಟು ಹೆಸರಿನ ಫಲಕವನ್ನು ಹಾಕಿಸಿದ ಹೊರನಾಡಿನ ದಾನಿಗಳು ಅನೇಕರಿದ್ದಾರೆ. ಅವರ ಔದಾರ್ಯವು ಸ್ತುತ್ಯರ್ಹವಾದುದು. ಅದೇ ಕೋಣೆಯ ಸುಣ್ಣಕ್ಕೂ, ನಲ್ಲಿಗೂ, ಒಡೆದ ಹೆಂಚಿಗೂ ಒಂದು ಇಡುಗಂಟನ್ನು ಕಟ್ಟುವವರು ವಿರಳ. ಫಲಕವಿಲ್ಲದ ದಾನವದು.

ಸಾಲೋಟಗಿಯ ಸ್ತಂಭದ ಮೇಲೆ ದೀಪದ ಎಣ್ಣೆಯ ೧೨ ನಿವರ್ತನಗಳಿಗೆ ಮಾತ್ರ ಸ್ಥಾನ ದೊರೆತಿದೆ. ನಾರಾಯಣನು ಕಟ್ಟಿಸಿದ ಶಾಲೆಯು ಒಮ್ಮೆ ಜೀರ್ಣವಾಗಿ, ಒಮ್ಮೆ ಎದ್ದು, ಕಡೆಗೆ ಮಣ್ಣುಗೂಡಿತು. ಕಾಯುವವರು ಇದ್ದಷ್ಟು ಕಾಲ ಅದು ಶಾಲೆಯಾಗಿತ್ತು. ಕಾಯುವವರು ಇಲ್ಲದಾದ ಮೇಲೆ ಊರಿನ ಹೆಸರಾಗಿ ಉಳಿಯಿತು.